ಎದೆಯೊಳಗಿನ ಈಮಾನಿಗೆ ಯಾರ ಸರ್ಟಿಫಿಕೇಟ್ ಬೇಕು?

ನಮ್ಮ ಬಂಟ್ವಾಳದಲ್ಲಿ ಶುರುವಾಗುವ ರಾಷ್ಟ್ರೀಯ ಹೆದ್ದಾರಿ 75 ಶಿರಾಡಿ ಘಾಟಿ ಹತ್ತಿ, ಹಾಸನ, ಬೆಂಗಳೂರು ದಾಟಿ, ಕೋಲಾರ, ಮುಳಬಾಗಿಲು ಹಾದು ತಮಿಳುನಾಡಿನ ವೆಲ್ಲೂರಿಗೆ ಹೋಗುತ್ತದೆ. ಈ ರಸ್ತೆಯಲ್ಲಿ ಬೆಂಗಳೂರಿನವರೆಗೆ ಹೋಗದ ಬ್ಯಾರಿ ಮನೆ ಸಿಗುವುದು ಕಷ್ಟ. ಆದರೆ ಬೆಂಗಳೂರಿನಿಂದ ಆಚೆಗೆ ಏನುಂಟು ಎಂದು ನಾವು ವಿಚಾರಿಸುವುದು ಕಡಿಮೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಅಂದರೆ ನಮಗೆ ಟೊಮೆಟೊ, ಮಾವಿನಹಣ್ಣು, ಅಬ್ಬಬ್ಬ ಅಂದರೆ ಚಿನ್ನದ ಗಣಿಯ ನೆನಪು. ಅಷ್ಟೆ.

ಅಲ್ಲಿಯೂ ನಮ್ಮವರಿದ್ದಾರೆ. ಮನೆಮಾತು ದಖನಿ ಉರ್ದು, ನಮ್ಮದು ಬ್ಯಾರಿ. ಅವರಲ್ಲಿ ಹೆಚ್ಚಿನವರು ಹನಫಿ, ನಾವು ಶಾಫಿ. ಕೋಲಾರ ಪೇಟೆಯಲ್ಲಿ ಹೈದರ್ ಅಲಿಯ ತಂದೆ ಫತೇ ಮುಹಮ್ಮದರ ಸಮಾಧಿ ಉಂಟು. ಮುಳಬಾಗಿಲಿನ ಹೈದರ್ ವಲಿ ದರ್ಗಾಕ್ಕೆ ಹಿಂದೂಗಳೂ ಬರುತ್ತಾರೆ. ನಮ್ಮ ಉಳ್ಳಾಲದಲ್ಲಿ ಹೇಗೋ ಹಾಗೆ. ಊಟ ಬೇರೆ, ಮಾತು ಬೇರೆ, ಹವೆ ಬೇರೆ. ಆದರೆ 2021ರ ಕೊನೆಯಿಂದ 2022ರವರೆಗೆ ಆ ನಾಲ್ಕು ಊರುಗಳಲ್ಲಿ ನಡೆದದ್ದನ್ನು ಒಂದರ ಪಕ್ಕದಲ್ಲಿ ಒಂದು ಇಟ್ಟು ನೋಡಿದರೆ, ಅದು ನಮ್ಮ ಕರಾವಳಿಯದ್ದೇ ಕಥೆ ಎಂದು ಅನ್ನಿಸದೇ ಇರುವುದಿಲ್ಲ.

ಒಂದು ವರ್ಷ, ನಾಲ್ಕು ಊರು

2021ರ ಡಿಸೆಂಬರ್. ಶ್ರೀನಿವಾಸಪುರದಲ್ಲಿ ಮನೆ ಮನೆಗೆ ಹೋಗಿ ಕ್ರೈಸ್ತ ಧರ್ಮದ ಪುಸ್ತಕ ಹಂಚುತ್ತಿದ್ದವರನ್ನು ಒಂದು ಗುಂಪು ತಡೆಯಿತು. ಪುಸ್ತಕ ಕಿತ್ತುಕೊಂಡು ಬೆಂಕಿ ಹಚ್ಚಿತು. ಅದೇ ತಿಂಗಳಲ್ಲಿ ರಾಜ್ಯದ ವಿಧಾನಸಭೆ ಮತಾಂತರ ತಡೆ ಮಸೂದೆಯನ್ನು ಅಂಗೀಕರಿಸಿತು.

2022ರ ಜನವರಿ. ಮುಳಬಾಗಿಲು ಪಟ್ಟಣದ ಒಂದು ಸರಕಾರಿ ಕನ್ನಡ ಮಾದರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕೆಲವು ಮಕ್ಕಳು ಶುಕ್ರವಾರ ಮಧ್ಯಾಹ್ನ ತರಗತಿ ಕೋಣೆಯಲ್ಲೇ ನಮಾಝ್ ಮಾಡಿದ ವೀಡಿಯೊ ಹರಿದಾಡಿತು. ಸಂಘಟನೆಗಳು ಶಾಲೆಗೆ ಬಂದು ಪ್ರತಿಭಟಿಸಿದವು. ಇಲಾಖೆ ತನಿಖೆ ಎಂದಿತು. ಮುಖ್ಯ ಶಿಕ್ಷಕಿ ಅಮಾನತಾದರು. ಜುಮಾಕ್ಕೆಂದು ಹೊರಗೆ ಹೋದ ಮಕ್ಕಳು ಮಧ್ಯಾಹ್ನದ ತರಗತಿಗೆ ತಿರುಗಿ ಬರುವುದಿಲ್ಲ ಎಂಬ ಕಾರಣಕ್ಕೆ ಶಾಲೆಯೊಳಗೇ ಅವಕಾಶ ಕೊಡಲಾಗಿತ್ತು ಎಂದು ಆಗ ವರದಿಯಾಗಿತ್ತು.

2022ರ ಮಾರ್ಚ್. ಕೋಲಾರ ಪೇಟೆಯ ಹಳೆಯ ಗಡಿಯಾರ ಗೋಪುರದ ಹಸಿರು ಬಣ್ಣದ ಬಗ್ಗೆ ತಕರಾರು ಎದ್ದಿತು. ಪೊಲೀಸ್ ಬಂದೋಬಸ್ತಿನಲ್ಲಿ ಗೋಪುರಕ್ಕೆ ಹೊಸ ಬಣ್ಣ ಬಳಿದು ತ್ರಿವರ್ಣ ಧ್ವಜ ಏರಿಸಲಾಯಿತು.

2022ರ ಸೆಪ್ಟೆಂಬರ್. ಮಾಲೂರು ತಾಲೂಕಿನ ಉಳ್ಳೇರಹಳ್ಳಿಯಲ್ಲಿ ಭೂತಮ್ಮನ ಮೆರವಣಿಗೆಯ ದೇವರ ಕೋಲನ್ನು ಒಬ್ಬ ದಲಿತ ಹುಡುಗ ಮುಟ್ಟಿದ. ಅವನಿಗೆ 15 ವರ್ಷ. ಊರಿನ ದೊಡ್ಡವರು ಅವನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಕೂಲಿ ಮಾಡಿ ಬದುಕುವ ಮನೆ ಅದು. ಕೊನೆಗೆ ಆ ಮನೆಯವರು ದೇವರ ಪಟಗಳನ್ನು ಗೋಡೆಯಿಂದ ಇಳಿಸಿ ಅಂಬೇಡ್ಕರರ ಪಟ ಇಟ್ಟುಕೊಂಡರು.

ಕ್ರೈಸ್ತರು, ಮುಸ್ಲಿಮರು, ದಲಿತರು. ಪುಸ್ತಕ, ನಮಾಝ್, ಬಣ್ಣ, ದೇವರ ಕೋಲು. ನಾಲ್ಕೂ ಬೇರೆ ಬೇರೆ ಅಂತ ಹೇಳಬಹುದು. ಆದರೆ ನಾಲ್ಕರಲ್ಲೂ ಒಳಗಿರುವ ಮಾತು ಒಂದೇ: ನೀನು ಏನನ್ನು ನಂಬಬೇಕು, ಎಷ್ಟು ನಂಬಬೇಕು, ಎಲ್ಲಿ ನಿಂತು ನಂಬಬೇಕು ಎಂಬುದನ್ನು ನಾವು ಹೇಳುತ್ತೇವೆ, ನೀನು ಕೇಳು. ಈ ಒತ್ತಡದ ಎದುರು ಒಬ್ಬ ಮನುಷ್ಯ ತನ್ನ ಎದೆಯೊಳಗಿನ ನಂಬಿಕೆಯನ್ನು ಹೇಗೆ ಉಳಿಸಿಕೊಳ್ಳಬೇಕು? ನಮ್ಮ ಪಾಲಿಗೆ ಬಂದ ಪ್ರಶ್ನೆ ಇದು.

ಒತ್ತಡ ಎರಡು ಕಡೆಯದ್ದು

ಹೊರಗಿನ ಒತ್ತಡ ನಮಗೆಲ್ಲರಿಗೂ ಗೊತ್ತುಂಟು. ಉಡುಪಿಯ ಸರಕಾರಿ ಬಾಲಕಿಯರ ಪಿಯು ಕಾಲೇಜಿನಲ್ಲಿ ಶುರುವಾದ ಹಿಜಾಬ್ ವಿವಾದ 2022ರ ಫೆಬ್ರವರಿ 5ರ ಸರಕಾರಿ ಆದೇಶದ ನಂತರ ಇಡೀ ರಾಜ್ಯಕ್ಕೆ ಹಬ್ಬಿತು. ಮಾರ್ಚ್ 15ರಂದು ಹೈಕೋರ್ಟಿನ ಪೂರ್ಣ ಪೀಠ, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದು ಹೇಳಿ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ಬೇರೆ ತೀರ್ಪು ಕೊಟ್ಟರು. ಈ ನಡುವೆ ಗೇಟಿನ ಎದುರು ಕ್ಯಾಮರಾಗಳು, ಅದರ ಎದುರು ನಮ್ಮ ಹೆಣ್ಣುಮಕ್ಕಳು. ಯಾರೋ ನಿಂತು ನೋಡ್ತಾ ಇರುವಾಗ ತಲೆಯ ಬಟ್ಟೆ ತೆಗೆದು ಮಡಚಿ ಬ್ಯಾಗಿಗೆ ಹಾಕುವುದು ಅಂದರೆ ಎಂತದು ಎಂದು ಅನುಭವಿಸಿದವರಿಗೇ ಗೊತ್ತು.

ಅಂದು ಕ್ಯಾಮರಾ ಹಿಡಿದವರು ಹೊರಗಿನವರು. ಆದರೆ ಆ ದೃಶ್ಯ ನಮ್ಮ ಮೊಬೈಲಿಗೆ ಬಂದ ಮೇಲೆ ಅದನ್ನು ಮುಂದಕ್ಕೆ ಕಳಿಸಿದವರು ಯಾರು? ಬಟ್ಟೆ ತೆಗೆದು ಒಳಗೆ ಹೋದ ಹುಡುಗಿಯ ಈಮಾನ್ ಎಷ್ಟು ಗಟ್ಟಿ ಎಂದು ಅಳೆದವರು ಯಾರು? ಕಾಲೇಜೇ ಬೇಡ ಎಂದು ಮನೆಗೆ ತಿರುಗಿದವಳನ್ನು "ಹಠಮಾರಿ, ಭವಿಷ್ಯ ಹಾಳು ಮಾಡಿಕೊಂಡಳು" ಎಂದು ಬಯ್ದವರು ಯಾರು? ನಮ್ಮಲ್ಲಿಯೇ ಕೆಲವರು. ಒಬ್ಬಳಿಗೆ ಈಮಾನ್ ಕಡಿಮೆ, ಇನ್ನೊಬ್ಬಳಿಗೆ ಬುದ್ಧಿ ಕಡಿಮೆ! ಹಾಗಾದರೆ ಆ ಮಕ್ಕಳು ಎಂತ ಮಾಡಬೇಕಿತ್ತು ಮಾರಾಯ್ರೆ?

ಇದೇ ಎರಡನೆಯ ಒತ್ತಡ. ಹೊರಗಿನವನು "ತೆಗೆ" ಅಂತಾನೆ, ಒಳಗಿನವನು "ತೋರಿಸು" ಅಂತಾನೆ. ಇಬ್ಬರಿಗೂ ಬೇಕಾದದ್ದು ಕಣ್ಣಿಗೆ ಕಾಣುವ ಗುರುತು. ಎದೆಯೊಳಗೆ ಏನುಂಟು ಎಂದು ಇಬ್ಬರೂ ಕೇಳುವುದಿಲ್ಲ. ಕೋಲಾರದ ಗೋಪುರಕ್ಕೆ ಒಂದೇ ರಾತ್ರಿಯಲ್ಲಿ ಬಣ್ಣ ಬದಲಿಸಬಹುದು. ತ್ರಿವರ್ಣ ನಮ್ಮದೇ ಬಣ್ಣ, ಅದರ ಬಗ್ಗೆ ನಮಗೆ ತಕರಾರಿಲ್ಲ. "ನೀವು ಈ ದೇಶದವರು ಎಂದು ಗೋಡೆಯ ಮೇಲೆ ಬರೆದು ತೋರಿಸಿ" ಎನ್ನುವ ಧೋರಣೆಯ ಬಗ್ಗೆ ತಕರಾರು. ಮನುಷ್ಯನ ಎದೆ ಗೋಡೆಯಲ್ಲ. ಹೊರಗಿನವರೂ ಅದಕ್ಕೆ ಬಣ್ಣ ಬಳಿಯಲು ಆಗುವುದಿಲ್ಲ, ನಮ್ಮವರೂ ಬಳಿಯಲು ಆಗುವುದಿಲ್ಲ.

ಅಮ್ಮಾರ್ ಮತ್ತು ಸುಮಯ್ಯಾ

ಇಸ್ಲಾಮಿನ ಆರಂಭದ ದಿನಗಳಲ್ಲಿಯೇ ಈ ಪ್ರಶ್ನೆ ಬಂದಿತ್ತು. ಮದ್ರಸದಲ್ಲಿ ನಾವೆಲ್ಲ ಕಲಿತ ಕಥೆ. ಆದರೆ ಕಥೆಯ ಅರ್ಧ ಭಾಗವನ್ನು ಮಾತ್ರ ವೇದಿಕೆಗಳಲ್ಲಿ ಹೇಳುವುದು ರೂಢಿಯಾಗಿದೆ.

ಮಕ್ಕಾದಲ್ಲಿ ಯಾಸಿರ್ ಎಂಬವರ ಬಡ ಕುಟುಂಬ. ಬೆನ್ನಿಗೆ ನಿಲ್ಲುವ ಗೋತ್ರವಿಲ್ಲ. ಇಸ್ಲಾಮ್ ಸ್ವೀಕರಿಸಿದ್ದಕ್ಕೆ ಅವರಿಗೆ ಕೊಡದ ಹಿಂಸೆ ಇಲ್ಲ. ತಾಯಿ ಸುಮಯ್ಯಾ (ರ) ಒಂದು ಮಾತು ಬದಲಿಸಲಿಲ್ಲ. ಅಬೂಜಹಲನ ಈಟಿಗೆ ಬಲಿಯಾದರು. ಇಸ್ಲಾಮಿನ ಮೊದಲ ಹುತಾತ್ಮರು ಒಬ್ಬ ಮಹಿಳೆ. ಈ ಭಾಗವನ್ನು ನಾವು ಗಂಟಲು ಬಿಗಿದು ಹೇಳುತ್ತೇವೆ, ಹೇಳಬೇಕಾದದ್ದೇ.

ಮಗ ಅಮ್ಮಾರ್ (ರ) ಹಿಂಸೆ ತಡೆಯಲಾಗದೆ, ಹಿಂಸಿಸುವವರು ಹೇಳಿಸಿದ್ದನ್ನು ಬಾಯಿಯಿಂದ ಹೇಳಿಬಿಟ್ಟರು. ಬಿಡುಗಡೆಯಾದ ಮೇಲೆ ಅಳುತ್ತಾ ಪ್ರವಾದಿಯವರ (ಸ) ಬಳಿಗೆ ಬಂದರು. ನನ್ನದೆಲ್ಲ ಮುಗಿಯಿತು ಎಂಬ ಭಯ. ಪ್ರವಾದಿಯವರು ಅವರ ನಾಲಿಗೆಯ ಬಗ್ಗೆ ವಿಚಾರಣೆ ಮಾಡಲಿಲ್ಲ. ಹೃದಯ ಹೇಗಿದೆ ಎಂದು ಕೇಳಿದರು. ಅದು ಈಮಾನಿನಲ್ಲಿ ನೆಮ್ಮದಿಯಾಗಿದೆ ಎಂದರು ಅಮ್ಮಾರ್. ಹಾಗಾದರೆ ಮತ್ತೆ ಅವರು ಹಾಗೆ ಮಾಡಿದರೆ ನೀನೂ ಹಾಗೇ ಹೇಳು ಎಂದು ಪ್ರವಾದಿಯವರು ಸಮಾಧಾನ ಮಾಡಿದರು. ಬಲವಂತಕ್ಕೆ ಒಳಗಾದರೂ ಹೃದಯ ಈಮಾನಿನಲ್ಲಿ ಸ್ಥಿರವಾಗಿರುವವನಿಗೆ ವಿನಾಯಿತಿ ಇದೆ ಎಂಬುದನ್ನು ಕುರ್‌ಆನಿನ ಅನ್ನಹ್ಲ್ ಅಧ್ಯಾಯ ಸ್ಪಷ್ಟಪಡಿಸುತ್ತದೆ.

ಒಂದೇ ಮನೆಯ ತಾಯಿ ಮತ್ತು ಮಗ. ತಾಯಿ ಬಗ್ಗಲಿಲ್ಲ, ಮಗ ಬಗ್ಗಿದರು. ಇಬ್ಬರಿಗೂ ಇಸ್ಲಾಮಿನ ಇತಿಹಾಸದಲ್ಲಿ ಗೌರವದ ಸ್ಥಾನ ಇದೆ. ಸುಮಯ್ಯಾರ ಹೆಸರು ಹೇಳಿ ಅಮ್ಮಾರರನ್ನು ಯಾರೂ ಚುಚ್ಚಲಿಲ್ಲ. ಮಕ್ಕಾದ ಹಿಂಸೆಗೂ ಕಾಲೇಜಿನ ಗೇಟಿಗೂ ಸಮ ಎಂದು ನಾವು ಹೇಳುತ್ತಿಲ್ಲ. ಆದರೆ ಅಷ್ಟು ದೊಡ್ಡ ವಿಷಯದಲ್ಲಿಯೇ ಪ್ರವಾದಿಯವರು ಹೃದಯವನ್ನು ಕೇಳಿದರು ಎಂದ ಮೇಲೆ, ಒಂದು ಪರೀಕ್ಷೆ ಬರೆಯಲಿಕ್ಕೆ ಕಣ್ಣೀರು ನುಂಗಿ ಒಳಗೆ ಹೋದ ಹದಿನಾರರ ಹುಡುಗಿಯ ಮೇಲೆ ಫತ್ವಾ ಹೊರಡಿಸುವ ನಾವು ಯಾರು?

ಹುದೈಬಿಯಾ ಒಪ್ಪಂದವನ್ನೂ ನೆನಪಿಸಿಕೊಳ್ಳಬಹುದು. ಹಿಜ್ರಿ 6ನೇ ವರ್ಷ. ಕರಾರು ಪತ್ರದಲ್ಲಿ "ಅಲ್ಲಾಹನ ಸಂದೇಶವಾಹಕ" ಎಂಬ ಪದ ಬೇಡ ಎಂದು ಮಕ್ಕಾದವರ ಪ್ರತಿನಿಧಿ ಸುಹೈಲ್ ಹಠ ಹಿಡಿದರು. ಬರೆಯುತ್ತಿದ್ದ ಅಲಿಗೆ (ರ) ಅದನ್ನು ಅಳಿಸಲು ಮನಸ್ಸು ಬರಲಿಲ್ಲ. ಪ್ರವಾದಿಯವರು ಆ ಪದ ಎಲ್ಲಿದೆ ಎಂದು ಕೇಳಿ ತಾವೇ ಅಳಿಸಿದರು. ಕಾಗದದಿಂದ ಪದ ಅಳಿಸಿದರೆ ಪ್ರವಾದಿತ್ವ ಅಳಿಯುತ್ತದಾ? ಉಮರ್‌ರಂತಹ (ರ) ದೊಡ್ಡವರಿಗೂ ಅಂದು ಆ ಒಪ್ಪಂದ ಸೋಲಿನಂತೆ ಕಂಡಿತ್ತು. ಆಮೇಲೆ ಅದರ ಫಲ ಎಲ್ಲರಿಗೂ ಕಾಣಿಸಿತು.

ಹಾಗಂತ ಎಲ್ಲದಕ್ಕೂ ತಲೆಯಾಡಿಸಿ ಸುಮ್ಮನಿರಬೇಕು ಎಂದಲ್ಲ. ಅಮ್ಮಾರರಿಗೆ ಸಿಕ್ಕ ವಿನಾಯಿತಿ ಬಲವಂತಕ್ಕೆ ಒಳಗಾದವನಿಗೆ ಇರುವುದು. ಬಲವಂತ ಮಾಡಿದವನಿಗೆ ಅದರಿಂದ ಯಾವ ಹಕ್ಕೂ ಸಿಗುವುದಿಲ್ಲ. ಹುಡುಗಿ ಬಟ್ಟೆ ತೆಗೆದು ಒಳಗೆ ಹೋದಳು ಎಂದರೆ ತೆಗೆಸಿದ್ದು ಸರಿ ಎಂದು ಅರ್ಥವಲ್ಲ. ಒತ್ತಡದ ವಿರುದ್ಧ ಮಾತಾಡುವ ಕೆಲಸ ದೊಡ್ಡವರದ್ದು. ಆ ಕೆಲಸವನ್ನು ಹದಿನಾರರ ಮಕ್ಕಳ ತಲೆಯ ಮೇಲೆ ಹೊರಿಸಿ ನಾವು ಹಿಂದೆ ನಿಂತು ಘೋಷಣೆ ಕೂಗುವುದು ನ್ಯಾಯವಲ್ಲ.

ಕಾನೂನು ಏನು ಹೇಳುತ್ತದೆ?

ನಮ್ಮ ಸಂವಿಧಾನದ 25ನೇ ವಿಧಿ ಧರ್ಮದ ಸ್ವಾತಂತ್ರ್ಯದ ಬಗ್ಗೆ ಎಂದು ಎಲ್ಲರೂ ಹೇಳುತ್ತೇವೆ. ಅದರಲ್ಲಿ ಮೊದಲು ಬರುವ ಪದ ಅಂತಃಸಾಕ್ಷಿ. ಅಂತಃಸಾಕ್ಷಿಯ ಸ್ವಾತಂತ್ರ್ಯ, ಆಮೇಲೆ ಧರ್ಮವನ್ನು ಪಾಲಿಸುವ, ಆಚರಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯ. ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯ ಇವುಗಳ ಮಿತಿಗೆ ಒಳಪಟ್ಟು ಇದು ಎಲ್ಲರಿಗೂ ಸೇರಿದ್ದು.

1985ರಲ್ಲಿ ಕೇರಳದಲ್ಲಿ ಒಂದು ಘಟನೆ ನಡೆಯಿತು. ಯೆಹೋವನ ಸಾಕ್ಷಿಗಳು ಎಂಬ ಸಣ್ಣ ಕ್ರೈಸ್ತ ಪಂಗಡದ ಮೂವರು ಮಕ್ಕಳು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ತಮ್ಮ ನಂಬಿಕೆ ಅದಕ್ಕೆ ಬಿಡುವುದಿಲ್ಲ ಎಂದರು. ಶಾಲೆಯಿಂದ ಹೊರಗೆ ಹಾಕಿದರು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಆ ಮಕ್ಕಳ ಪರವಾಗಿ ತೀರ್ಪು ಕೊಟ್ಟಿತು. ಮಕ್ಕಳು ಯಾರಿಗೂ ಅಗೌರವ ತೋರಿಸಿಲ್ಲ, ಅವರ ನಂಬಿಕೆ ಪ್ರಾಮಾಣಿಕವಾದದ್ದು, ಅದು ನಮಗೆ ವಿಚಿತ್ರವಾಗಿ ಕಂಡರೂ ಅದಕ್ಕೆ ರಕ್ಷಣೆ ಇದೆ ಎಂಬುದು ಆ ತೀರ್ಪಿನ ಸಾರ. ನಾವು ರಾಷ್ಟ್ರಗೀತೆ ಹಾಡುವವರು. ನಮ್ಮ ಮದ್ರಸಗಳಲ್ಲಿ ಸ್ವಾತಂತ್ರ್ಯ ದಿನಾಚರಣೆಯ ಬೆಳಗ್ಗೆ ಮಕ್ಕಳು ಹಾಡುತ್ತಾರೆ. ಆದರೂ ಆ ಮೂವರು ಮಕ್ಕಳ ತೀರ್ಪು ನಮಗೂ ಬೇಕು. ಅಲ್ಲಿ ನ್ಯಾಯಾಲಯ ನೋಡಿದ್ದು ಮಕ್ಕಳ ಪ್ರಾಮಾಣಿಕತೆಯನ್ನು.

ಇನ್ನೊಂದು ಅಳತೆಗೋಲು ಉಂಟು, ಅದು ಹುಟ್ಟಿದ್ದು ನಮ್ಮದೇ ಜಿಲ್ಲೆಗಳ ನೆಲದಿಂದ. 1954ರಲ್ಲಿ ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಂದು ಧರ್ಮಕ್ಕೆ ಅತ್ಯಗತ್ಯವಾದದ್ದು ಯಾವುದು ಎಂಬುದನ್ನು ಆ ಧರ್ಮದ ಸಿದ್ಧಾಂತಗಳನ್ನೇ ನೋಡಿ ತಿಳಿಯಬೇಕು ಎಂದು ಹೇಳಿತ್ತು. ಮಠದ ಸ್ವಾತಂತ್ರ್ಯಕ್ಕೆ ನೆರವಾದ ಮಾತು ಅದು. ಕಾಲ ಕಳೆದಂತೆ ಅದೇ ಮಾತು, ಯಾವ ಆಚರಣೆ ಅತ್ಯಗತ್ಯ, ಯಾವುದು ಅಲ್ಲ ಎಂದು ನ್ಯಾಯಾಲಯಗಳೇ ತೀರ್ಮಾನ ಮಾಡುವ ಪರೀಕ್ಷೆಯಾಗಿ ಬೆಳೆಯಿತು. 2022ರಲ್ಲಿ ಅದೇ ಉಡುಪಿಯ ಹುಡುಗಿಯರನ್ನು ಅದೇ ಪರೀಕ್ಷೆಗೆ ನಿಲ್ಲಿಸಲಾಯಿತು. ಕಿತಾಬುಗಳನ್ನು ತೆರೆದು ಕಡ್ಡಾಯವೋ ಅಲ್ಲವೋ ಎಂದು ವಾದ ಮಾಡುವಾಗ, "ಈ ಹುಡುಗಿ ಮನಸಾರೆ ನಂಬಿ ಉಟ್ಟಿದ್ದಾಳೆ" ಎಂಬ ಸರಳ ಸಂಗತಿ ಬದಿಗೆ ಸರಿಯಿತು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರು ಇದು ಆಯ್ಕೆಯ ವಿಷಯ, ಹೆಣ್ಣುಮಕ್ಕಳ ಶಿಕ್ಷಣ ಮುಖ್ಯ ಎಂಬ ಕಡೆಗೆ ತೀರ್ಪು ಬರೆದದ್ದು ಆ ಕಾರಣಕ್ಕೇ ನಮಗೆ ಹತ್ತಿರವಾಗುತ್ತದೆ.

ಮುಳಬಾಗಿಲಿನ ಆ ಶುಕ್ರವಾರ

ಈಗ ಮುಳಬಾಗಿಲಿನ ಶಾಲೆಗೆ ಬರೋಣ. ಆ ಮಕ್ಕಳು ಯಾರಿಗೂ ತೊಂದರೆ ಕೊಟ್ಟಿಲ್ಲ. ಮಕ್ಕಳು ತರಗತಿ ತಪ್ಪಿಸಬಾರದು ಎಂಬ ಕಾಳಜಿಗೆ ಸಿಕ್ಕ ಬಹುಮಾನ ಅಮಾನತು ಎಂದಾದರೆ, ನಾಳೆ ಯಾವ ಶಿಕ್ಷಕಿ ಬಡ ಮಕ್ಕಳಿಗಾಗಿ ಒಂದು ಹೆಜ್ಜೆ ಮುಂದೆ ಬರುತ್ತಾರೆ? ಅಧಿಕಾರಿಗಳು ಒಂದು ಮಾತು ಹೇಳಿ ಸರಿಪಡಿಸಬಹುದಾಗಿದ್ದ ವಿಷಯ ಅದು.

ಆದರೆ ನಮ್ಮ ಕಡೆಯಿಂದ ಕೇಳಬೇಕಾದ ಪ್ರಶ್ನೆಯೂ ಉಂಟು. ಪ್ರಾಯಕ್ಕೆ ಬಾರದ ಮಕ್ಕಳಿಗೆ ಜುಮಾ ಕಡ್ಡಾಯವಲ್ಲ. ಹನಫಿಯಲ್ಲೂ ಇಲ್ಲ, ಶಾಫಿಯಲ್ಲೂ ಇಲ್ಲ. ಮಕ್ಕಳಿಗೆ ನಮಾಝಿನ ಅಭ್ಯಾಸ ಮಾಡಿಸುವುದು ಒಳ್ಳೆಯದೇ, ಮಾಡಿಸಲೇಬೇಕು. ಆದರೆ ಶುಕ್ರವಾರ ಮಸೀದಿಗೆ ಹೋದ ಹುಡುಗ ಆಮೇಲೆ ಗಣಿತದ ಪಾಠಕ್ಕೆ ಬರುವುದಿಲ್ಲ, ವಾರಕ್ಕೊಂದು ಮಧ್ಯಾಹ್ನ ಹೀಗೆ ಹೋದರೆ ವರ್ಷದಲ್ಲಿ ಎಷ್ಟು ಪಾಠ ಹೋಯಿತು? ಇದು ಮುಳಬಾಗಿಲಿನ ಸಮಸ್ಯೆ ಮಾತ್ರ ಅಲ್ಲ. ಬಂಟ್ವಾಳ, ಪುತ್ತೂರು, ಬೆಳ್ತಂಗಡಿಯ ಸರಕಾರಿ ಶಾಲೆಗಳ ಮೇಷ್ಟ್ರುಗಳನ್ನು ಕೇಳಿ ನೋಡಿ, ಶುಕ್ರವಾರ ಮಧ್ಯಾಹ್ನದ ಹಾಜರಿ ಪುಸ್ತಕದ ಬಗ್ಗೆ ಅವರಿಗೂ ಹೇಳಲಿಕ್ಕೆ ಮಾತಿರುತ್ತದೆ.

ಇದಕ್ಕೆ ಪರಿಹಾರ ಕೋರ್ಟಿನಲ್ಲಿ ಇಲ್ಲ, ನಮ್ಮ ಜಮಾಅತ್ ಕಮಿಟಿಗಳ ಕೈಯಲ್ಲಿ ಉಂಟು. ಶಾಲೆ ಹತ್ತಿರ ಇರುವ ಮಸೀದಿಗಳಲ್ಲಿ ಖುತ್ಬಾ ಮತ್ತು ನಮಾಝನ್ನು ಶಾಲೆಯ ಊಟದ ಬಿಡುವಿನ ಒಳಗೆ ಮುಗಿಯುವ ಹಾಗೆ ಇಟ್ಟರೆ ಆಯಿತು. ಖುತ್ಬಾವನ್ನು ಚಿಕ್ಕದಾಗಿ ಮುಗಿಸುವುದು ಸುನ್ನತಿಗೆ ಹತ್ತಿರವಾದ ಕ್ರಮವೇ. ಮಸೀದಿಯಿಂದ ಶಾಲೆಗೆ ಮಕ್ಕಳನ್ನು ತಿರುಗಿ ಕರೆದುಕೊಂಡು ಹೋಗಲು ಇಬ್ಬರು ಹಿರಿಯರು ಮುಂದೆ ಬಂದರೆ, ಬೆಲ್ ಹೊಡೆಯುವ ಮೊದಲೇ ಎಲ್ಲರೂ ಬೆಂಚಿನಲ್ಲಿ ಕುಳಿತಿರುತ್ತಾರೆ. ಆಗ ಯಾವ ಶಿಕ್ಷಕಿಗೂ ತನ್ನ ಕೆಲಸವನ್ನು ಪಣಕ್ಕಿಡುವ ಅಗತ್ಯ ಬೀಳುವುದಿಲ್ಲ. ಯಾರಿಗೂ ವೀಡಿಯೊ ಮಾಡಲಿಕ್ಕೂ ಏನೂ ಸಿಗುವುದಿಲ್ಲ.

ಶಾಲೆಗೆ ಒಂದು ಎಸ್‌ಡಿಎಂಸಿ ಅಂತ ಉಂಟು. ಪೋಷಕರೇ ಸದಸ್ಯರಾಗಿರುವ ಸಮಿತಿ. ಅದರ ಸಭೆಗೆ ಹೋಗಿ ಕುಳಿತು ಮಾತಾಡುವ ಬಾಪ, ಉಮ್ಮ ಎಷ್ಟು ಮಂದಿ ಇದ್ದಾರೆ? ಗಲಾಟೆ ಆದ ದಿನ ಗೇಟಿನ ಎದುರು ನೂರು ಮಂದಿ ಸೇರುವುದಕ್ಕಿಂತ ಗಲಾಟೆ ಇಲ್ಲದ ದಿನ ಇಬ್ಬರು ಒಳಗೆ ಹೋಗಿ ಕುಳಿತುಕೊಳ್ಳುವುದು ಮೇಲು.

ಮಾವಿನ ಮಂಡಿಯ ತಕ್ಕಡಿ

2022ರ ಏಪ್ರಿಲ್‌ನಲ್ಲಿ ಮುಸ್ಲಿಮ್ ಹಣ್ಣಿನ ವ್ಯಾಪಾರಿಗಳಿಂದ ಹಣ್ಣು ಕೊಳ್ಳಬೇಡಿ ಎಂಬ ಕರೆ ರಾಜ್ಯದಲ್ಲಿ ಎದ್ದಿತ್ತು. ಮಾವಿನ ಋತು ಶುರುವಾಗುವ ಹೊತ್ತು. ಶ್ರೀನಿವಾಸಪುರ ಅಂದರೆ ರಾಜ್ಯದ ಮಾವಿನ ತೋಟ. ಅಲ್ಲಿ ಬೆಳೆಯುವವರು ಹೆಚ್ಚಾಗಿ ಹಿಂದೂ ರೈತರು. ಕೊಳ್ಳುವ, ಸಾಗಿಸುವ, ಮಾರುವ ಕೆಲಸದಲ್ಲಿ ಮುಸ್ಲಿಮರೂ ಇದ್ದಾರೆ. ಇಂಥ ವ್ಯಾಪಾರ ನಿಂತಿರುವುದು ಮಾತಿನ ಮೇಲೆ. ಕಾಯಿ ಮರದಲ್ಲಿರುವಾಗಲೇ ಮುಂಗಡ, ಹಣ್ಣು ಇಳಿದ ಮೇಲೆ ಲೆಕ್ಕ.

ಹಿಜಾಬ್ ತೆಗೆಸಬಹುದು, ನಮಾಝ್ ನಿಲ್ಲಿಸಬಹುದು, ಅಂಗಡಿಗೆ ಹೋಗಬೇಡಿ ಎನ್ನಬಹುದು. ತೂಕದಲ್ಲಿ ಪ್ರಾಮಾಣಿಕನಾಗಿರಬೇಡ ಎಂದು ಯಾವ ಸರಕಾರವಾಗಲಿ, ಸಂಘಟನೆಯಾಗಲಿ ಆದೇಶ ಹೊರಡಿಸಲು ಸಾಧ್ಯವಾ? ಅಳತೆ ತೂಕದಲ್ಲಿ ಮೋಸ ಮಾಡುವವರ ಬಗ್ಗೆ ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ, ಅದರ ಹೆಸರೇ ಅಲ್ ಮುತಫ್ಫಿಫೀನ್. ಕೊಟ್ಟ ಮಾತು, ಸಾಲದ ವಾಯಿದೆ, ಕೆಲಸದವನ ಕೂಲಿ, ನೆರೆಯವನ ಹಕ್ಕು. ಇವೂ ಈಮಾನಿನ ಭಾಗ, ಮತ್ತು ಯಾವ ಒತ್ತಡವೂ ಮುಟ್ಟಲಾಗದ ಭಾಗ.

ಇಲ್ಲಿ ಒಂದು ಎಚ್ಚರಿಕೆ ಬೇಕು. "ನಾವು ಒಳ್ಳೆಯ ಮುಸ್ಲಿಮರು, ನೋಡಿ" ಎಂದು ಯಾರಿಗೋ ತೋರಿಸಲಿಕ್ಕೆ ಪ್ರಾಮಾಣಿಕರಾಗಬೇಕು ಎಂದು ನಾವು ಹೇಳುತ್ತಿಲ್ಲ. ಅದೂ ಒಂದು ತೋರಿಕೆಯೇ. ನೋಡುವವರು ಇಲ್ಲದಾಗ, ಬಹಿಷ್ಕಾರದ ಕರೆಯೂ ಇಲ್ಲದಾಗ, ಲಾಭ ಆಗುವ ಕಡೆಯಲ್ಲೂ ತಕ್ಕಡಿ ನೇರ ಇರಬೇಕು. ನಿಯ್ಯತ್ ಎಂದು ನಾವು ಎಲ್ಲ ಇಬಾದತ್ತಿನ ಮೊದಲು ಹೇಳುವುದು ಇದನ್ನೇ. ಯಾರಿಗಾಗಿ ಮಾಡುತ್ತಿದ್ದೇವೆ ಎಂಬುದು.

ಉಳ್ಳೇರಹಳ್ಳಿ ನಮಗೇನು ಕಲಿಸುತ್ತದೆ?

ಉಳ್ಳೇರಹಳ್ಳಿಯ ಹುಡುಗನಿಗೂ ನಮಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಆ ಹುಡುಗ ದೇವರ ಕೋಲು ಮುಟ್ಟಿದ್ದಕ್ಕೆ ಬಿದ್ದ ದಂಡ 60,000. ನಮ್ಮ ಮಕ್ಕಳನ್ನು ಗೇಟಿನಲ್ಲಿ ನಿಲ್ಲಿಸಿದವರು "ನಿನ್ನ ದೇವರು ಹೊರಗಿರಲಿ" ಅಂದರು. ಅವನನ್ನು ದಂಡಿಸಿದವರು "ಈ ದೇವರು ನಿನ್ನದಲ್ಲ" ಅಂದರು. ಮನುಷ್ಯನಿಗೂ ಅವನ ನಂಬಿಕೆಗೂ ನಡುವೆ ಇನ್ನೊಬ್ಬ ಬಂದು ಬಾಗಿಲು ಕಾಯುವುದು ಎರಡು ಕಡೆಯೂ ಒಂದೇ.

ಧರ್ಮದಲ್ಲಿ ಬಲವಂತ ಇಲ್ಲ ಎಂಬ ಪಾಠವನ್ನು ಹಿಜಾಬ್ ವಿಷಯದಲ್ಲಿ ನಾವೆಲ್ಲರೂ ಹೇಳಿದೆವು. ಅದು ನಮಗೆ ಅನುಕೂಲ ಆದಾಗ ಮಾತ್ರ ಹೇಳುವ ಮಾತಾಗಬಾರದು. ಶ್ರೀನಿವಾಸಪುರದಲ್ಲಿ ಸುಟ್ಟದ್ದು ನಮ್ಮ ಪುಸ್ತಕವಲ್ಲ. ಆದರೂ ಅದು ನಮಗೆ ನೋವಾಗಬೇಕಾದ ಬೆಂಕಿ. ಉಳ್ಳೇರಹಳ್ಳಿಯಲ್ಲಿ ದಂಡ ಬಿದ್ದದ್ದು ನಮ್ಮವನಿಗಲ್ಲ. ಆದರೂ ನಮ್ಮ ಕಮಿಟಿಗಳು, ಯುವಕ ಸಂಘಗಳು ಒಂದು ಖಂಡನೆಯ ಸಾಲು ಬರೆಯಬಹುದಾಗಿದ್ದ ವಿಷಯ. ಇವತ್ತು ಅವರ ಪರವಾಗಿ ಮಾತಾಡದವನಿಗೆ ನಾಳೆ ನನ್ನ ಪರವಾಗಿ ಮಾತಾಡಿ ಎಂದು ಕೇಳುವ ಮುಖ ಇರುವುದಿಲ್ಲ.

ಹಾಗೆಯೇ ನಮ್ಮ ಮನೆಯೊಳಗೂ. ಮದುವೆ, ವರದಕ್ಷಿಣೆ, ಮಾಂಸದ ಊಟದ ದೊಡ್ಡಸ್ತಿಕೆ, ಯಾವ ಉಸ್ತಾದರ ಕಡೆ, ಯಾವ ಸಂಘಟನೆಯ ಕಡೆ, ಇವುಗಳ ಹೆಸರಲ್ಲಿ ಒಬ್ಬ ಬಡ ಬಾಪನನ್ನು ಒತ್ತುವುದೂ ಒತ್ತಡವೇ. ಸಾಲ ಮಾಡಿಯಾದರೂ ನಾಲ್ಕು ಮಂದಿಯ ಎದುರು ಸರಿಯಾಗಿ ಕಾಣಬೇಕು ಎಂದು ಅವನಿಗೆ ಅನ್ನಿಸುವ ಹಾಗೆ ಮಾಡುವವರು ಹೊರಗಿನವರಲ್ಲ.

ಮಾಡಬಹುದಾದದ್ದು

ಒತ್ತಡ ನಾಳೆಯೇ ಹೋಗುವುದಿಲ್ಲ. ಸರಕಾರಗಳು ಬರುತ್ತವೆ, ಹೋಗುತ್ತವೆ. ಆದೇಶಗಳು ಬರುತ್ತವೆ, ಹಿಂದೆ ಪಡೆಯುವ ಮಾತೂ ಬರುತ್ತದೆ. ಮಕ್ಕಳ ವಯಸ್ಸು ಮಾತ್ರ ಯಾರಿಗೂ ಕಾಯುವುದಿಲ್ಲ. 2022ರಲ್ಲಿ ಪಿಯು ಓದಬೇಕಿದ್ದ ಹುಡುಗಿ ಆ ವರ್ಷವನ್ನು ಕಳೆದುಕೊಂಡಿದ್ದರೆ ಅದನ್ನು ತಿರುಗಿ ಕೊಡಲು ಯಾವ ತೀರ್ಪಿಗೂ ಆಗುವುದಿಲ್ಲ.

ಆದ್ದರಿಂದ ಕೆಲವು ಕೆಲಸ ಈಗಲೇ ಆಗಬೇಕು. ಪ್ರತಿ ಜಮಾಅತಿನಲ್ಲಿ ಓದಿದ ಇಬ್ಬರು ಹೆಂಗಸರಾದರೂ ಇಂಥ ಹುಡುಗಿಯರ ಮಾತು ಕೇಳಲು ಇರಲಿ. ತೀರ್ಮಾನ ಹೇಳಲಿಕ್ಕೆ ಅಲ್ಲ, ಕೇಳಲಿಕ್ಕೆ. ಓದು ನಿಲ್ಲಿಸಿದವಳಿಗೆ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕವಾದರೂ ಪರೀಕ್ಷೆ ಬರೆಯುವ ದಾರಿ ಉಂಟು ಎಂದು ಹೇಳುವವರು ಬೇಕು, ಅರ್ಜಿ ತುಂಬಿಸಿ ಕೊಡುವವರು ಬೇಕು. ದೂರದ ಕಾಲೇಜಿಗೆ ಹೋಗುವವಳಿಗೆ ಬಸ್ಸಿನ ಪಾಸು, ಹಾಸ್ಟೆಲಿನ ಶುಲ್ಕ, ಇವಕ್ಕೆ ನಮ್ಮ ಝಕಾತ್ ಮತ್ತು ಸದಖಾದ ಒಂದು ಪಾಲು ಹೋಗಲಿ. ಗೇಟಿನ ಎದುರಿನ ಯಾವ ಹೆಣ್ಣುಮಗಳ ಫೋಟೋ, ವೀಡಿಯೊ ನಮ್ಮ ಗುಂಪುಗಳಿಗೆ ಬಂದರೂ ಅದು ಅಲ್ಲಿಯೇ ನಿಲ್ಲಲಿ, ಮುಂದಕ್ಕೆ ಹೋಗದಿರಲಿ. ಇದಕ್ಕೆ ಯಾರ ಅನುಮತಿಯೂ ಬೇಡ, ಖರ್ಚೂ ಇಲ್ಲ.

ನಮ್ಮ ಖತೀಬರುಗಳು ಒಂದು ಶುಕ್ರವಾರ ಸುಮಯ್ಯಾರ ಜೊತೆಗೆ ಅಮ್ಮಾರರ ಕಥೆಯನ್ನೂ ಪೂರ್ತಿಯಾಗಿ ಹೇಳಲಿ. ಬಗ್ಗದೇ ನಿಂತವಳ ಉಮ್ಮನಿಗೂ, ಬಗ್ಗಿ ಒಳಗೆ ಹೋದವಳ ಉಮ್ಮನಿಗೂ ಮಸೀದಿಯ ಮೈಕಿನ ಮಾತು ಮನೆಯವರೆಗೆ ಕೇಳುತ್ತದೆ. ಇಬ್ಬರಿಗೂ ತಮ್ಮ ಮಗಳು ಈ ಸಮುದಾಯದವಳೇ ಎಂಬ ಧೈರ್ಯ ಬರಲಿ. ಮತ್ತೆ ಶಾಲೆಯ ಬಿಡುವಿಗೆ ಸರಿಯಾಗಿ ಜುಮಾದ ಸಮಯ ಇಡುವ ವಿಷಯ. ಅದನ್ನು ಬರುವ ತಿಂಗಳ ಜಮಾಅತ್ ಸಭೆಯ ಅಜೆಂಡಾದಲ್ಲಿ ಮೊದಲನೆಯದಾಗಿ ಬರೆಯಿರಿ. ಹತ್ತಿರದ ಶಾಲೆಯ ಹೆಡ್‌ಮಾಸ್ಟರರನ್ನು ಕೇಳಿ ಊಟದ ಬೆಲ್ ಎಷ್ಟು ಗಂಟೆಗೆ ಎಂದು ತಿಳಿದುಕೊಂಡೇ ಸಭೆಗೆ ಬನ್ನಿ.